ಊರ ಮನೆಯ ಎಸಿ ಮತ್ತು ಬೇಸಿಗೆಯ ಸಿದ್ಧತೆ

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಚಳಿ ಬಿಟ್ಟುಹೋದ ಜಾಗವನ್ನು ಬಿಸಿಲು ಒಂದು ದಿನವೂ ಖಾಲಿ ಇಡುವುದಿಲ್ಲ. ಶಿವರಾತ್ರಿಯಿಂದ ಯುಗಾದಿಯವರೆಗೆ ನಮ್ಮ ಕೃಷ್ಣಾ ತೀರದ ಯಡೂರು, ಕಲ್ಲೋಳ, ಮಾಂಜರಿ, ಅಂಕಲಿಗಳಲ್ಲಿ ಮುಂಜಾವಿನ ತಂಪು ಇನ್ನೂ ಉಳಿದಿರುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಏಪ್ರಿಲ್, ಮೇ ತಿಂಗಳುಗಳ ಮುನ್ಸೂಚನೆ ದೊರೆಯತೊಡಗುತ್ತದೆ. ನಮ್ಮ ತಾಯಂದಿರು ಶಾವಿಗೆ, ಹಪ್ಪಳ, ಸಂಡಿಗೆಗಳ ಸಿದ್ಧತೆಗೆ ತೊಡಗುತ್ತಿದ್ದುದು ಇದೇ ದಿನಗಳಲ್ಲಿ. ಋತು ಬಾಗಿಲಿಗೆ ಬರುವ ಮೊದಲೇ ಅದಕ್ಕೆ ಅಣಿಯಾಗುವ ವಿವೇಕ ಅದು.

ಈಗ ಇದೇ ದಿನಗಳಲ್ಲಿ ಬೇರೊಂದು ಸಿದ್ಧತೆಯ ಮಾತು ಕೇಳಿಬರುತ್ತದೆ. ಪುಣೆ, ಬೆಂಗಳೂರು, ಕೊಲ್ಲಾಪುರಗಳಲ್ಲಿ ನೌಕರಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ, “ಸರ್, ಊರಾಗ ಅವ್ವ-ಅಪ್ಪಗ ಒಂದು ಎಸಿ ಹಾಕಸಬೇಕಂತ ಮಾಡೇನಿ, ಯಾವ ಕಂಪನಿದು ಛಲೋ?” ಎಂದು ಕೇಳುತ್ತಾರೆ. ಕೇಳುವವರ ಮನಸ್ಸಿನ ಕಳಕಳಿ ದೊಡ್ಡದು. 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದ ಮೇಲಂತೂ ಮಧ್ಯಮ ವರ್ಗದ ಕೈಗೆ ಅದು ಇನ್ನಷ್ಟು ಹತ್ತಿರವಾಗಿದೆ. ಆದರೆ ಯಾವ ಕಂಪನಿ ಎಂಬ ಪ್ರಶ್ನೆಯೇ ಮೊದಲನೆಯದಾಗಬಾರದು ಎಂಬುದು ನನ್ನ ಅಭಿಪ್ರಾಯ. ಬೇಸಿಗೆಯ ಸಿದ್ಧತೆಯು ಮಾಳಿಗೆಯಿಂದ ಆರಂಭವಾಗಿ, ಯಂತ್ರದ ಮೂಲಕ ಹಾದು, ಆ ಯಂತ್ರವನ್ನು ಬಳಸಬೇಕಾದ ಹಿರಿಯರ ಮನಸ್ಸಿನಲ್ಲಿ ಮುಗಿಯಬೇಕು. ಈ ಮೂರರಲ್ಲಿ ನಡುವಿನದೊಂದನ್ನೇ ಮಾಡಿ, ಉಳಿದೆರಡನ್ನು ಮರೆಯುವವರೇ ಹೆಚ್ಚು.

ಹೀಗೇಕೆ ಹೇಳುತ್ತೇನೆಂದರೆ, ಮಕ್ಕಳು ಹಾಕಿಸಿಕೊಟ್ಟ ಎಸಿಗಳು ನಮ್ಮ ಹಳ್ಳಿಗಳಲ್ಲಿ ಹೇಗಿವೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಗೋಡೆಯ ಮೇಲಿನ ಪೆಟ್ಟಿಗೆಗೆ ಹಳೆಯ ಸೀರೆಯ ತುಂಡಿನ ಹೊದಿಕೆ; ರಿಮೋಟು ದೇವರ ಜಗಲಿಯ ಮೇಲೋ ತಿಜೋರಿಯಲ್ಲೋ ಭದ್ರ. ಮಕ್ಕಳು, ಮೊಮ್ಮಕ್ಕಳು ಮೇ ತಿಂಗಳ ಸೂಟಿಗೆ ಬಂದಾಗ ಆ ಹೊದಿಕೆ ಇಳಿಯುತ್ತದೆ. ಅವರು ಹಿಂದಿರುಗಿದ ಸಂಜೆಯೇ ಮತ್ತೆ ಏರುತ್ತದೆ. ಕೇಳಿದರೆ, “ಬಿಲ್ ಭಾಳ ಬರತೈತ್ರಿ ಸರ್, ನಮಗ ರೂಢಿ ಐತಿ” ಎಂಬ ಉತ್ತರ. ಹೊರಗೆ 38, ಕೆಲವು ದಿನ 40 ಡಿಗ್ರಿ. ಸ್ಲ್ಯಾಬಿನ ಕೆಳಗೆ ಎಪ್ಪತ್ತು ದಾಟಿದ ಇಬ್ಬರು ಜೀವಗಳು, ಮೇಲೆ ಬಿಸಿಗಾಳಿಯನ್ನೇ ತಿರುಗಿಸುವ ಫ್ಯಾನು, ಗೋಡೆಯ ಮೇಲೆ ಮೂವತ್ತೈದು, ನಲವತ್ತು ಸಾವಿರ ರೂಪಾಯಿಯ ಮುಸುಕು ಹಾಕಿದ ಯಂತ್ರ. ಮಗ ಮಾತ್ರ ಅಲ್ಲಿ ಕುಳಿತು, ತಂದೆ-ತಾಯಿ ತಂಪಾಗಿದ್ದಾರೆಂದು ನೆಮ್ಮದಿಯಿಂದಿದ್ದಾನೆ. ಈ ನೆಮ್ಮದಿಯೇ ಅಪಾಯಕಾರಿ.

“ನಮ್ಮ ಕಾಲದಲ್ಲಿ ಎಸಿ ಎಲ್ಲಿತ್ತು? ನಾವು ಬದುಕಲಿಲ್ಲವೇ?” ಎಂದು ನನ್ನ ವಯಸ್ಸಿನವರು ಕೇಳುವುದುಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಕಾಲದ ಮನೆಯೇ ಬೇರೆ ಇತ್ತು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ತೊಲೆ-ಜಂತಿಗಳ ಮೇಲೆ ಹಾಸಿದ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ, ಅಂಗಳದಲ್ಲಿ ಬೇವಿನ ಮರ. ಹಗಲಿನ ಬಿಸಿಲು ಆ ಮಣ್ಣನ್ನು ದಾಟಿ ಒಳಗೆ ಇಳಿಯುವಷ್ಟರಲ್ಲಿ ಹೊರಗೆ ರಾತ್ರಿಯ ತಂಪುಗಾಳಿ ಬೀಸುತ್ತಿತ್ತು. ಆ ಮನೆಗಳಿಗೆ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಬೇಕಿತ್ತು, ದುಡಿಮೆ ಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ನದಿಯ ನೀರು ಒಳಗೆ ಬಂದರೆ ಅವು ನಿಲ್ಲುತ್ತಿರಲಿಲ್ಲ. 2005, 2019, 2021ರ ಪ್ರವಾಹಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಖ್ಯವಾಗಿ 2019ರ ಆಗಸ್ಟಿನಲ್ಲಿ ಕೃಷ್ಣೆಯ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಜನ ಮತ್ತೆ ಕಟ್ಟಿದಾಗ ಸಿಮೆಂಟು, ಇಟ್ಟಿಗೆ, ಸ್ಲ್ಯಾಬು, ಕೈಲಾಗದವರು ತಗಡು ಹಾಕಿದರು. ನೀರಿಗೆ ಹೆದರಿದವರು ಮಾಡಬೇಕಾದುದನ್ನೇ ಮಾಡಿದರು. ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಮಳೆಗಾಲದಲ್ಲಿ ಗೆದ್ದ ಮನೆ ಬೇಸಿಗೆಯಲ್ಲಿ ಸೋಲುತ್ತಿದೆ ಎಂಬುದನ್ನಾದರೂ ನಾವು ಒಪ್ಪಿಕೊಳ್ಳಬೇಕು. ಹಿಂದಿನ ಮನೆಯ ನೆನಪಿನ ಮೇಲೆ ಇಂದಿನ ಮನೆಯ ಸೆಕೆಯನ್ನು ಅಳೆಯಲಾಗದು.

ಇನ್ನೊಂದು ಮಾತು. ಬಯಲುನಾಡಿನಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ನಮ್ಮ ಭಾಗದ ಅನೇಕ ಸುಡುದಿನಗಳು ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಆದರೆ ಇಲಾಖೆಯ ಉಷ್ಣಮಾಪಕ ಇರುವುದು ಗಾಳಿಯಾಡುವ ನೆರಳಿನ ಪೆಟ್ಟಿಗೆಯಲ್ಲಿ. ನಿಮ್ಮ ಅವ್ವ ಇರುವುದು ಕಾದ ಸ್ಲ್ಯಾಬಿನ ಕೆಳಗೆ. ಪತ್ರಿಕೆಯಲ್ಲಿ ಬಂದ ಅಂಕಿಯನ್ನು ಓದಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಆದ್ದರಿಂದ ಮೊದಲು ಮಾಳಿಗೆ. ನಾಲ್ಕೈದು ಇಂಚಿನ ಸಿಮೆಂಟು ಸ್ಲ್ಯಾಬು ಹಗಲೆಲ್ಲ ಬಿಸಿಲನ್ನು ಕುಡಿದು ಸಂಜೆಯಿಂದ ನಡುರಾತ್ರಿಯವರೆಗೆ ಅದನ್ನು ಒಳಗೆ ಕಾರುತ್ತದೆ. ರಾತ್ರಿ ಹತ್ತಕ್ಕೂ ಫ್ಯಾನಿನಿಂದ ಬಿಸಿಗಾಳಿ ಬರುವುದು ಇದೇ ಕಾರಣದಿಂದ. ಇದಕ್ಕೆ ಅಗ್ಗದ ಉಪಾಯ ಬಿಳಿಯ ಬಣ್ಣ. ಸ್ಲ್ಯಾಬಿನ ಮೇಲಿನ ಕಸ, ಧೂಳುಗಳನ್ನು ಗುಡಿಸಿ ತೊಳೆದು, ಎರಡು ಸಲ ಸುಣ್ಣ ಬಳಿಸಿದರೆ ಬಿಸಿಲಿನ ದೊಡ್ಡ ಪಾಲು ಮೇಲಿನಿಂದ ಮೇಲೆಯೇ ಹಿಂದಿರುಗುತ್ತದೆ. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಹೆಚ್ಚು ಕಾಲ ಬಾಳಬೇಕೆಂದರೆ ಮಾಳಿಗೆಗೆಂದೇ ಬರುವ ಬಿಳಿ ಪೇಂಟು ದೊರೆಯುತ್ತದೆ. ಇದು ಹಳ್ಳಿಯ ಮೇಷ್ಟ್ರೊಬ್ಬನ ಹಟವೆಂದು ಭಾವಿಸಬೇಡಿ. 2010ರ ಭೀಕರ ಬಿಸಿಗಾಳಿಯಿಂದ ಪಾಠ ಕಲಿತ ಅಹಮದಾಬಾದ್ ನಗರ 2013ರಲ್ಲಿ ಬಿಸಿಲನ್ನು ಎದುರಿಸುವ ಕಾರ್ಯಯೋಜನೆ ರೂಪಿಸಿತು. ಮುಂದೆ ಬಡವರ ಮನೆಗಳ ಮಾಳಿಗೆಗೆ ಬಿಳಿಬಣ್ಣ ಬಳಿಸುವ ಕೆಲಸವನ್ನೂ ಕೈಗೊಂಡಿತು. ನೆರೆಯ ತೆಲಂಗಾಣ ರಾಜ್ಯ 2023ರಲ್ಲಿ ತಂಪು ಮಾಳಿಗೆಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ತಗಡಿನ ಮನೆಯಾದರೆ ಮೇಲೆ ಒಂದಡಿ ಅಂತರ ಬಿಟ್ಟು ನೆರಳಿನ ಬಲೆ ಕಟ್ಟಿಸಿ. ಕಬ್ಬಿನ ರವದಿ ಹೊದಿಸುವ ರೂಢಿ ನಮ್ಮಲ್ಲಿದೆ, ತಂಪೂ ಹೌದು. ಆದರೆ ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ವಿದ್ಯುತ್ ತಂತಿಯ ಹತ್ತಿರವಂತೂ ಬೇಡವೇ ಬೇಡ. ಪಡುವಣ ಕಿಟಕಿಯ ಬಿಸಿಲನ್ನು ಒಳಗಿನ ಪರದೆಯಿಂದ ತಡೆಯುವುದಕ್ಕಿಂತ ಹೊರಗೇ ತಟ್ಟಿ ಕಟ್ಟಿ ತಡೆಯುವುದು ಮೇಲು. ಒಳಗೆ ಬಂದ ಶಾಖ ಒಳಗೇ ಉಳಿಯುತ್ತದೆ.

ಕೂಲರಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮದು ಒಣ ಬಿಸಿಲು. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಎಸಿಯ ಅರ್ಧ ಕೆಲಸವನ್ನು ಕೂಲರು ಬಲು ಕಡಿಮೆ ಖರ್ಚಿನಲ್ಲಿ ಮಾಡಬಲ್ಲದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೀರಿಕೊಳ್ಳುತ್ತದೆ. ಅಡುಗೆಮನೆಯ ಮೂಲೆಯ ಹರವಿಯಲ್ಲಿ ನೀರು ತಂಪಾಗುವುದೂ ಇದೇ ನಿಯಮದಿಂದ. ಆದರೆ ಮೇ ತಿಂಗಳಲ್ಲಿ ಮೋಡ ಕವಿದು ಗಾಳಿಯಲ್ಲಿ ತೇವ ಹೆಚ್ಚಿದಾಗ ಕೂಲರು ಸೆಕೆಯನ್ನೇ ಹೆಚ್ಚಿಸುತ್ತದೆ. ಅದಕ್ಕೆ ದಿನವೂ ಕೊಡಗಟ್ಟಲೆ ನೀರು ಬೇಕು. 2019ರ ಮೇ ತಿಂಗಳಲ್ಲಿ ಕೃಷ್ಣೆಯ ಪಾತ್ರವೇ ಒಣಗಿ, ಮಹಾರಾಷ್ಟ್ರದಿಂದ ನೀರು ಬಿಡಿಸಿಕೊಳ್ಳಲು ಮೊರೆಯಿಡಬೇಕಾದ ದಿನಗಳನ್ನು ನೆನೆದರೆ ಅದೂ ಚಿಂತೆಯ ವಿಷಯವೇ. ಕೂಲರು ಬಳಸುವವರು ಕಿಟಕಿಯನ್ನು ತೆರೆದಿಡಬೇಕು, ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ತಿಕ್ಕಿ ತೊಳೆಯಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನಿಂತ ನೀರಿನಲ್ಲಿಯೇ.

ಈಗ ಯಂತ್ರ. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಆಧುನಿಕ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ. ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವದಿಂದ ಹಿಗ್ಗಿ ಕುಗ್ಗುತ್ತಿದ್ದ ಕಾಗದಕ್ಕಾಗಿ. ಕಾಗದಕ್ಕೆ ದೊರೆತ ಸೌಖ್ಯ ಕ್ರಮೇಣ ಮನುಷ್ಯರಿಗೂ ದೊರೆಯಿತು. ಎಸಿ ತಂಪನ್ನು ಉತ್ಪಾದಿಸುವುದಿಲ್ಲ. ಕೋಣೆಯ ಶಾಖವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಒಳಗಿನ ಸುರುಳಿಕೊಳವೆಯಲ್ಲಿ ದ್ರವವೊಂದು ಆವಿಯಾಗುತ್ತ ಶಾಖವನ್ನು ಹೀರುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಕಂಪ್ರೆಸರು ಆ ಆವಿಯನ್ನು ಒತ್ತುತ್ತದೆ, ಅದು ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಹರವಿಯ ನಿಯಮವೇ ಇದು. ಹರವಿಯ ನೀರು ಆವಿಯಾಗಿ ಹೋಗಿಬಿಡುತ್ತದೆ, ಇಲ್ಲಿ ಅದೇ ದ್ರವ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ, ವ್ಯತ್ಯಾಸ ಇಷ್ಟೇ.

ಇದನ್ನು ತಿಳಿದವರು ಒಂದು ಮೋಸದಿಂದ ಪಾರಾಗುತ್ತಾರೆ. ಪ್ರತಿ ಬೇಸಿಗೆಯ ಆರಂಭದಲ್ಲಿ ಸರ್ವೀಸಿಗೆ ಬಂದವರು ಕೆಲವರು “ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು” ಎನ್ನುತ್ತಾರೆ. ವಯಸ್ಸಾದವರು ಅಡುಗೆಯ ಸಿಲಿಂಡರಿನಂತೆ ಇದೂ ಇರಬೇಕೆಂದು ಹಣ ಎಣಿಸಿಕೊಡುತ್ತಾರೆ. ಎಸಿಯ ಗ್ಯಾಸು ಉರಿದುಹೋಗುವ ವಸ್ತುವಲ್ಲ, ಖರ್ಚಾಗುವುದೂ ಇಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಮೊದಲು ಸೋರಿಕೆ ಹುಡುಕಿ ಮುಚ್ಚಬೇಕು, ಆಮೇಲೆ ತುಂಬಬೇಕು. ಈಗಿನ ಬಹುಪಾಲು ಯಂತ್ರಗಳಲ್ಲಿರುವ ಆರ್-32 ಎಂಬ ಅನಿಲ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದ್ದು. ಆದುದರಿಂದ ತರಬೇತಿ ಇಲ್ಲದವರ ಕೈಗೆ ಆ ಕೆಲಸ ಕೊಡಬೇಡಿ.

ಮನೆಯವರೇ ಮಾಡಬಹುದಾದ ಕೆಲಸಗಳು ಇವೆ. ಒಳಗಿನ ಪೆಟ್ಟಿಗೆಯ ಜಾಳಿಗೆ, ಅಂದರೆ ಫಿಲ್ಟರು, ಮುಖ್ಯವಾದುದು. ನಮ್ಮ ಭಾಗದಲ್ಲಿ ಕಬ್ಬಿನ ಹಂಗಾಮು ಮುಗಿಯುವುದಕ್ಕೂ ಬೇಸಿಗೆ ಏರುವುದಕ್ಕೂ ಸರಿಹೋಗುತ್ತದೆ. ತಿಂಗಳುಗಟ್ಟಲೆ ಟ್ರ್ಯಾಕ್ಟರುಗಳು ಎಬ್ಬಿಸಿದ ಧೂಳು, ಸುಟ್ಟ ರವದಿಯ ಕರಿಬೂದಿ ಎಲ್ಲವೂ ಆ ಜಾಳಿಗೆಯಲ್ಲಿ ಮತ್ತು ಹೊರಗಿನ ಪೆಟ್ಟಿಗೆಯ ತೆಳುಪಟ್ಟಿಗಳಲ್ಲಿ ಕುಳಿತಿರುತ್ತವೆ. ಮೇನ್ ಸ್ವಿಚ್ಚನ್ನು ಆರಿಸಿ, ಜಾಳಿಗೆಯನ್ನು ಬಿಚ್ಚಿ, ನಳದ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬೇಸಿಗೆಯುದ್ದಕ್ಕೂ ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿ. ಹೊರಗಿನ ಪೆಟ್ಟಿಗೆಯಲ್ಲಿ ಹಕ್ಕಿಯ ಗೂಡು, ಕಣಜದ ಗೂಡು ಇವೆಯೇ, ಇಲಿ ತಂತಿ ಕಡಿದಿದೆಯೇ ನೋಡಿ. ಅದನ್ನು ತೊಳೆಯಲು ಸಣ್ಣ ಧಾರೆಯ ನೀರು ಸಾಕು. ಜೋರಾಗಿ ಹೊಡೆದರೆ ಆ ತೆಳುಪಟ್ಟಿಗಳು ಬಾಗುತ್ತವೆ. ಅದಕ್ಕೆ ನೆರಳಿರಲಿ, ಆದರೆ ಸುತ್ತಲೂ ಗಾಳಿಯಾಡುವ ತೆರಪು ಇರಲೇಬೇಕು. ಒಳಗಿನಿಂದ ನೀರು ಹೊರಹೋಗುವ ಸಣ್ಣ ಪೈಪು ಪಾಚಿ ಕಟ್ಟಿದ್ದರೆ ಗೋಡೆಯ ಮೇಲೆ ನೀರು ಇಳಿಯುತ್ತದೆ, ಅದನ್ನೂ ಬಿಡಿಸಿ. ಎಸಿಗೆ ಪ್ರತ್ಯೇಕ ವಯರು, ಪ್ರತ್ಯೇಕ ಎಂಸಿಬಿ ಇರಲಿ. ಸಂಜೆ ವೋಲ್ಟೇಜು ಇಳಿಯುವ ಊರುಗಳಲ್ಲಿ ಸ್ಟೆಬಿಲೈಜರು ಬೇಕು. ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿಸುವುದನ್ನು ಮರೆಯಬಾರದು. ಇಷ್ಟಾದ ಮೇಲೆ ಅರ್ಧ ಗಂಟೆ ಚಾಲೂ ಮಾಡಿ ನೋಡಿ. ಒಳಗೆ ಹೋಗುವ ಗಾಳಿಗಿಂತ ಹೊರಬರುವ ಗಾಳಿ ಎಂಟರಿಂದ ಹನ್ನೆರಡು ಡಿಗ್ರಿ ತಂಪಾಗಿದ್ದರೆ ಯಂತ್ರ ಆರೋಗ್ಯವಾಗಿದೆ. ಏಪ್ರಿಲ್ ಬಂದ ಮೇಲೆ ಕೆಟ್ಟಿದ್ದು ತಿಳಿದರೆ, ಚಿಕ್ಕೋಡಿಯಿಂದ ದುರಸ್ತಿಗೆ ಬರುವವರಿಗಾಗಿ ವಾರಗಟ್ಟಲೆ ಕಾಯಬೇಕಾದೀತು.

ಇನ್ನು ಮೂರನೆಯದು, ಹಿರಿಯರ ಮನಸ್ಸು. ಅವರ ಅಂಜಿಕೆ ಬಿಲ್ಲಿನದು. ಅದು ಮೂಢ ಅಂಜಿಕೆಯೇನಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಅವರ ಮನೆಗೆ ಸೊನ್ನೆ ಬಿಲ್ಲು ಬರುತ್ತಿರುತ್ತದೆ. ಬಳಕೆ ತಮ್ಮ ಅರ್ಹತೆಯ ಪ್ರಮಾಣ ದಾಟಿದರೆ ಹೆಚ್ಚಾದಷ್ಟಕ್ಕೆ ಹಣ ಕೊಡಬೇಕು; 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಇದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಉಪದೇಶ ಬೇಡ, ಲೆಕ್ಕ ತೋರಿಸಿ. ಮನೆಯ ಬಳಕೆ ತಿಂಗಳಿಗೆ 60 ಯೂನಿಟ್ ಇದೆ ಎನ್ನೋಣ. ಎಸಿ ಗಂಟೆಗೆ ಒಂದು ಯೂನಿಟ್‌ನಂತೆ ರಾತ್ರಿ ಎಂಟು ತಾಸು ನಡೆದರೆ ತಿಂಗಳಿಗೆ 240; ಒಟ್ಟು 300. ಅಂಜುವ ಲೆಕ್ಕವೇ ಸರಿ. ಆದರೆ ಸುಣ್ಣ ಬಳಿದ ಮಾಳಿಗೆ, ಸ್ವಚ್ಛವಾದ ಜಾಳಿಗೆ, 26 ಡಿಗ್ರಿಗೆ ನಿಲ್ಲಿಸಿದ ಇನ್ವರ್ಟರ್ ಎಸಿ, ಜೊತೆಗೆ ನಿಧಾನದ ಫ್ಯಾನು ಇದ್ದು, ಗಂಟೆಗೆ ಸರಾಸರಿ ಅರ್ಧ ಯೂನಿಟ್‌ನಂತೆ ದಿನಕ್ಕೆ ಐದು ತಾಸು ನಡೆಸಿದರೆ ತಿಂಗಳಿಗೆ 75, ಒಟ್ಟು 135. ಇಲ್ಲಿ ಕೊಡಬೇಕಾದದ್ದು ಅರ್ಹತೆಗಿಂತ ಹೆಚ್ಚಾದ ಯೂನಿಟ್‌ಗಳ ಹಣ ಮಾತ್ರ. ಮೊದಲನೆಯ ಹಂತದ ಮಾಳಿಗೆಯ ಕೆಲಸ ಮೂರನೆಯ ಹಂತದ ಅಂಜಿಕೆಯನ್ನು ಕಡಿಮೆ ಮಾಡುವುದು ಹೀಗೆ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯ ಅಂದಾಜು. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಸಿಗಳೆಲ್ಲ ಆರಂಭದಲ್ಲಿ 24 ಡಿಗ್ರಿಗೇ ನಿಲ್ಲುವಂತೆ ಬರಬೇಕೆಂದು ನಿಯಮ ಮಾಡಿದ್ದೂ ಇದೇ ಕಾರಣದಿಂದ. ಊರಿನ ಸೆಕೆಗೆ 18 ಡಿಗ್ರಿಯ ಕೋಣೆ ಚಿಕಿತ್ಸೆಯಲ್ಲ. ಮುದಿ ಕೀಲುಗಳಿಗೆ ಅದು ಇನ್ನೊಂದು ಶಿಕ್ಷೆ.

ಲೆಕ್ಕ ತೋರಿಸಿದ ಮೇಲೂ ಅವರು “ಬ್ಯಾಡ ತಮ್ಮಾ” ಎನ್ನಬಹುದು. ಆಗ ಏಪ್ರಿಲ್, ಮೇ ತಿಂಗಳ ಹೆಸ್ಕಾಂ ಬಿಲ್ಲನ್ನು ನಿಮ್ಮ ಫೋನಿನಿಂದ ನೀವೇ ಕಟ್ಟುವ ವ್ಯವಸ್ಥೆ ಮಾಡಿ, ಅದನ್ನು ಅವರಿಗೆ ತಿಳಿಸಿ. ರಿಮೋಟಿನ ಮೇಲಿನ ಇಂಗ್ಲಿಷ್ ಅಕ್ಷರಗಳು ಅವರಿಗೆ ಒಗಟು. ಬೇಕಾದದ್ದು ಎರಡೇ ಗುಂಡಿ. ಅವುಗಳ ಮೇಲೆ ಕೆಂಪು ಬಣ್ಣದ ಚುಕ್ಕೆ ಇಡಿ, ಉಳಿದವುಗಳ ಮೇಲೆ ಅಂಟುಪಟ್ಟಿ ಹಚ್ಚಿ. ನಿಮ್ಮೆದುರಿಗೆ ಅವರ ಕೈಯಿಂದಲೇ ನಾಲ್ಕು ಸಲ ಹಚ್ಚಿಸಿ, ಆರಿಸಿ. ತರಗತಿಯಲ್ಲಿ ನಾನು ಪಾಲಿಸುತ್ತಿದ್ದ ನಿಯಮವೇ ಇದು: ಹೇಳಿಕೊಟ್ಟದ್ದು ಮರೆತುಹೋಗುತ್ತದೆ, ಕೈಯಿಂದ ಮಾಡಿಸಿದ್ದು ಉಳಿಯುತ್ತದೆ.

ಇಷ್ಟೊಂದು ಒತ್ತಿ ಹೇಳಲು ಕಾರಣವಿದೆ. ವಯಸ್ಸಾದ ದೇಹ ಬೇಗ ಬೆವರುವುದಿಲ್ಲ, ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಮೈ ಬೆಂಕಿಯಂತಾಗಿ, 40 ಡಿಗ್ರಿ ದಾಟಿ, ಮಾತು ತೊದಲಿ, ಗುರುತು ತಪ್ಪತೊಡಗಿದರೆ ಅದು ಬರಿಯ ಸುಸ್ತಲ್ಲ, ಪ್ರಾಣಾಪಾಯ. ತಕ್ಷಣ ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಇದನ್ನು ನೆರೆಮನೆಯ ಹುಡುಗರಿಗೂ ಹೇಳಿಡಿ. ಅಂಥ ಗಳಿಗೆಯಲ್ಲಿ ಮೊದಲು ಓಡಿ ಬರುವವರು ಪುಣೆಯಲ್ಲಿರುವ ನೀವಲ್ಲ, ಅವರು.

ನೆರೆಯವರ ಮಾತು ಬಂತಾದ್ದರಿಂದ ಇನ್ನೊಂದು ವಿನಂತಿ. ನಿಮ್ಮ ಕೋಣೆಯಿಂದ ಹೊರಬಿದ್ದ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ. ನಮ್ಮ ಇಕ್ಕಟ್ಟಿನ ಓಣಿಗಳಲ್ಲಿ ಹೊರಗಿನ ಪೆಟ್ಟಿಗೆಯ ಬಿಸಿಗಾಳಿ ಎದುರುಮನೆಯ ಕಟ್ಟೆಯ ಮೇಲೆ ಕುಳಿತ ಅಜ್ಜಿಯ ಮುಖಕ್ಕೆ ಹೊಡೆಯುವಂತಿರಬಾರದು. ಮಾಳಿಗೆಯ ಮೇಲೋ ಹಿತ್ತಿಲಲ್ಲೋ ಅದಕ್ಕೆ ಜಾಗ ಹುಡುಕಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಆ ಅಜ್ಜಿಯನ್ನೂ ನಿಮ್ಮ ಅವ್ವನ ಕೋಣೆಗೆ ಕರೆಯುವಂತೆ ಹೇಳಿ. ಒಬ್ಬಳಿಗಾಗಿ ಎಸಿ ಹಚ್ಚಲು ಹಿಂಜರಿಯುವ ತಾಯಿ, ನಾಲ್ಕು ಜನ ಬಂದು ಕುಳಿತರೆ ಸಂಕೋಚವಿಲ್ಲದೆ ಹಚ್ಚುತ್ತಾಳೆ. ಖರ್ಚು ಅಷ್ಟೇ, ಉಪಯೋಗ ನಾಲ್ಕು ಪಟ್ಟು.

ಈ ಸಲ ಯುಗಾದಿಗೆ ಊರಿಗೆ ಬರುವವರು ವೀರಭದ್ರ ದೇವರ ದರ್ಶನ, ಬೇವು-ಬೆಲ್ಲ, ಹೋಳಿಗೆಯ ಊಟ ಮುಗಿಸಿಕೊಂಡು, ಒಂದು ಅರ್ಧ ದಿನವನ್ನು ಇದಕ್ಕಾಗಿ ಮೀಸಲಿಡಿ. ಒಂದು ಬಕೆಟ್ ಸುಣ್ಣ, ಒಂದು ಕುಂಚ, ಮಕ್ಕಳ ಕೈಗೆ ಒಂದು ಕೆಂಪು ಬಣ್ಣದ ಪೆನ್ನು ಇದ್ದರೆ ಸಾಕು. ಎಸಿ ಇಲ್ಲದ ಮನೆಯವರೂ ಸುಣ್ಣವನ್ನು ಬಿಡಬೇಡಿ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಮಧ್ಯಾಹ್ನ ಎರಡು ಗಂಟೆಗೆ ಮನೆಗೆ ಫೋನು ಮಾಡಿ. “ಆರಾಮ ಇದ್ದೀರಿ?” ಎಂದು ಕೇಳಿದರೆ “ಆರಾಮ” ಎಂಬ ಉತ್ತರವೇ ಬರುತ್ತದೆ. “ಎಸಿ ಹಚ್ಚೀಯೇನವ್ವಾ?” ಎಂದು ಕೇಳಿ.